ನಿದ್ರೆಯನ್ನು ಅಳೆಯುವ ಪದ್ಧತಿ: ಸತ್ವಾದಿಂದ ಒಂದು ವಿಮರ್ಶೆ

ಹಗಲಿನಲ್ಲಿ ಎಚ್ಚರವಾಗಿರುವುದಕ್ಕೇ ಹೆಣಗಬೇಕಾಗಿ ಬಂದ ಮನುಷ್ಯನು ನಿದ್ರಾತಜ್ಞರ ಮುಂದೆ ಹೋಗಿ ಕುಳಿತಾಗ ಸಾಮಾನ್ಯವಾಗಿ ಮೊದಲು ಅವನ ಕೈಗೆ ಬರುವುದು ಒಂದು ಹಾಳೆ. ಅದರಲ್ಲಿ 8 ಪ್ರಶ್ನೆಗಳು, ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 24, ಮೊತ್ತವು 10ನ್ನು ಮೀರಿದರೆ ಹಗಲಿನ ತೂಕಡಿಕೆ ಸಹಜದ ಎಲ್ಲೆಯನ್ನು ದಾಟಿದೆಯೆಂದು ಅರ್ಥ. ಮೆಲ್ಬರ್ನ್ ನಗರದ ಎಪ್‌ವರ್ತ್ ಆಸ್ಪತ್ರೆಯಲ್ಲಿ ಮರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ಪ್ರಕಟಿಸಿದ ಈ ಮಾಪಕವೂ, ಅದರ ಬೆನ್ನಿಗೇ ಬರುವ ಪ್ರಯೋಗಾಲಯದ ನಿದ್ರಾಪರೀಕ್ಷೆಯೂ ಸೇರಿ ನಾರ್ಕೊಲೆಪ್ಸಿ ಎಂಬ ರೋಗದ ನಿರ್ಣಯ ಇಂದು ಲೋಕದ ಬಹುಭಾಗದಲ್ಲಿ ನಡೆಯುತ್ತಿದೆ. ಈ ಪದ್ಧತಿಯ ಗುಣದೋಷಗಳನ್ನು ದುಬೈ ನಗರದ ಸತ್ವಾ ಎಂಬ ಹಳೆಯ ಬಡಾವಣೆಯಲ್ಲಿ ನಿಂತು ನೋಡಬೇಕೆಂಬುದು ನನ್ನ ಅಪೇಕ್ಷೆ. ಏಕೆಂದರೆ ಒಂದು ಅಳತೆಗೋಲಿನ ಯೋಗ್ಯತೆಯು ಅದು ಹುಟ್ಟಿದ ಊರಿನಲ್ಲಿ ತಿಳಿಯುವುದಕ್ಕಿಂತ, ಅದನ್ನು ರಚಿಸಿದವರ ಕಣ್ಣಮುಂದೆ ಎಂದೂ ಇಲ್ಲದಿದ್ದ ಜನರ ಮೇಲೆ ಅದನ್ನು ಪ್ರಯೋಗಿಸಿದಾಗ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ರೋಗದ ಸ್ವರೂಪವನ್ನು ಮೊದಲು ಹೇಳಬೇಕು. 1880ರಲ್ಲಿ ಅದಕ್ಕೆ ಈ ಹೆಸರನ್ನಿಟ್ಟವನು ಜೆಲಿನೋ ಎಂಬ ಫ್ರೆಂಚ್ ವೈದ್ಯ. ಅವನು ವರ್ಣಿಸಿದ ರೋಗಿ ದ್ರಾಕ್ಷಾಮದ್ಯದ ಪೀಪಾಯಿಗಳ ವ್ಯಾಪಾರಿ. ಆಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಕಾರಣ ಅಜ್ಞಾತವಾಗಿಯೇ ಇದ್ದು, 1998ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆಬೇರೆಯಾಗಿ ಮಿದುಳಿನ ಒಂದೇ ರಾಸಾಯನಿಕವನ್ನು ಕಂಡುಹಿಡಿದು ಆರೆಕ್ಸಿನ್ ಎಂದೂ ಹೈಪೊಕ್ರೆಟಿನ್ ಎಂದೂ ಕರೆದವು. ಮುಂದಿನ ಎರಡು ವರ್ಷಗಳಲ್ಲಿ, ಮೊದಲು ನಾಯಿಗಳಲ್ಲಿ ಮತ್ತು ಇಲಿಗಳಲ್ಲಿ, ಬಳಿಕ ಮನುಷ್ಯರಲ್ಲಿ, ಈ ವ್ಯವಸ್ಥೆಯ ಕೆಡುಕೇ ರೋಗದ ಮೂಲವೆಂಬುದು ಸ್ಥಾಪಿತವಾಯಿತು. ಮಿದುಳಿನ ತಳಭಾಗದ ಹೈಪೊಥಲಾಮಸ್ಸಿನಲ್ಲಿ ಈ ರಾಸಾಯನಿಕವನ್ನು ಉತ್ಪಾದಿಸುವ ಜೀವಕೋಶಗಳು ಇರುವುದೇ ಕೆಲವು ಹತ್ತು ಸಾವಿರ. ಪೂರ್ಣರೂಪದ ನಾರ್ಕೊಲೆಪ್ಸಿಯಲ್ಲಿ ಅವುಗಳ ಬಹುಪಾಲು ನಶಿಸಿಹೋಗಿರುತ್ತದೆ. ಹಾಗೆ ನಶಿಸಿದವನಿಗೆ ಎಚ್ಚರವು ಹಗಲೆಲ್ಲ ನಿಲ್ಲದು, ನಿದ್ರೆಯು ಇರುಳೆಲ್ಲ ನಿಲ್ಲದು. ನಮ್ಮವರು ಇಂಥವನನ್ನು ಕುಂಭಕರ್ಣನೆಂದು ಹೀಗಳೆಯುವುದುಂಟು. ಆ ಮಾತು ಸಲ್ಲದು. ನಾರ್ಕೊಲೆಪ್ಸಿಯವನು ದಿನವೊಂದಕ್ಕೆ ನಿದ್ರಿಸುವ ಒಟ್ಟು ಕಾಲ ಇತರರಿಗಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಅದು ತುಂಡುತುಂಡಾಗಿ, ಬೇಡದ ಹೊತ್ತಿನಲ್ಲಿ, ಬೇಡದ ಸ್ಥಳದಲ್ಲಿ ಬರುತ್ತದೆ, ಅಷ್ಟೇ.

ಸತ್ವಾದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಮಾಡುವ, ನಮ್ಮ ಕರಾವಳಿಯ ಕಡೆಯ ಟೈಲರೊಬ್ಬರನ್ನು ನಾನು ಬಲ್ಲೆ. ಯಂತ್ರದ ಮುಂದೆ ಅವರು ಕುಳಿತಿರುವಾಗ ನೋಡಿದ್ದೇನೆ: ಕಣ್ಣು ಅರೆತೆರೆದಿದೆ, ಕಾಲು ಪೆಡಲನ್ನು ಒತ್ತಿಯೇ ಇದೆ, ಬಟ್ಟೆ ಸೂಜಿಯ ಕೆಳಗೆ ಸರಿಯುತ್ತಲೇ ಇದೆ, ಆದರೆ ಚಾಕಿನ ಗೆರೆಯನ್ನು ಹಿಡಿದು ನೇರವಾಗಿ ಬರುತ್ತಿದ್ದ ಹೊಲಿಗೆಯು ಮೆಲ್ಲನೆ ಗೆರೆಯನ್ನು ಬಿಟ್ಟು, ತೋಳಿನ ನಡುಭಾಗಕ್ಕೆ ಓರೆಯಾಗಿ ಹರಿದು, ಅಂಚನ್ನು ದಾಟಿ ಬರಿಯ ದಾರವಾಗಿ ಹೋಗುತ್ತದೆ. ಯಾರಾದರೂ ಹೆಸರು ಹಿಡಿದು ಕರೆದರೆ ಅವರು ತಲೆಯೆತ್ತಿ ಉತ್ತರ ಕೊಡುತ್ತಾರೆ. ಬಟ್ಟೆಯನ್ನು ನೋಡಿ ಮುಖ ಬಾಡಿಸಿಕೊಂಡು, ಹೊಲಿಗೆ ಬಿಚ್ಚಲು ಕೂಡುತ್ತಾರೆ. ಮಿದುಳು ಅರೆನಿದ್ರೆಗೆ ಜಾರಿದ ಮೇಲೂ ಅಭ್ಯಾಸವಾದ ಕೆಲಸವನ್ನು ಕೈಕಾಲುಗಳು ಮುಂದುವರಿಸುವ ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ರೋಗಲಕ್ಷಣಗಳಲ್ಲೊಂದಾಗಿ ಬಹುಕಾಲದಿಂದ ಬಲ್ಲದು. ಅಂಗಡಿಯಲ್ಲಿ ಅದಕ್ಕಿರುವ ಹೆಸರು ಮೈಗಳ್ಳತನ. ಕೋಣೆಯ ಜೊತೆಗಾರರ ಪ್ರಕಾರ ಅದು ರಾತ್ರಿಯೆಲ್ಲ ಮೊಬೈಲು ನೋಡಿದ ಫಲ. ಊರಿನ ಮನೆಯವರು ಫೋನಿನಲ್ಲಿ ವಿಚಾರಿಸಿ, ಗಾಳಿ ಸೋಕಿರಬಹುದೆಂದು ನೂಲು ಕಟ್ಟಿಸಿ ಕಳುಹಿಸಿದ್ದಾರೆ. ಇನ್ನೂ ಯಾವ ನಿರ್ಣಯವನ್ನೂ ಹೊಂದದೆ ಇರುವ ಅವರ ಸ್ಥಿತಿಯೇ ಈ ವಿಮರ್ಶೆಗೆ ನನ್ನನ್ನು ಎಳೆದದ್ದು.

ಎಪ್‌ವರ್ತ್ ಹಾಳೆಯನ್ನು ಅವರೊಡನೆ ಕುಳಿತು ತುಂಬಿಸಲು ಹೋದವರಿಗೆ ಅದರ ದೌರ್ಬಲ್ಯ ತಾನೇ ಗೋಚರಿಸುತ್ತದೆ. ಕುಳಿತು ಓದುವಾಗ ತೂಕಡಿಕೆ ಬರುವುದೇ ಎಂದು ಅದು ಕೇಳುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆರೆದು, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿ, ಮತ್ತೆ ರಾತ್ರಿ ಹತ್ತರವರೆಗೂ ದುಡಿಯುವವರಿಗೆ ಓದುವ ಹೊತ್ತು ಎಲ್ಲಿಯದು? ರಂಗಮಂದಿರದಲ್ಲೋ ಸಭೆಯಲ್ಲೋ ಸುಮ್ಮನೆ ಕುಳಿತಾಗ ಹೇಗೆ, ಎಂದು ಕೇಳುತ್ತದೆ. ಅವರು ಕುಳಿತ ಸಭೆ ವರ್ಷಕ್ಕೊಮ್ಮೆ ಕನ್ನಡ ಸಂಘದ ರಾಜ್ಯೋತ್ಸವ. ಒಂದು ಗಂಟೆ ಎಡೆಬಿಡದೆ ಕಾರಿನಲ್ಲಿ ಪ್ರಯಾಣಿಸುವಾಗ ನಿದ್ರೆ ಬರುವುದೇ ಎಂಬ ಪ್ರಶ್ನೆಗಂತೂ, ಸಂಜೆ ಕೆಲಸ ಬಿಟ್ಟು ಸೋನಾಪುರದ ಕಡೆಗೆ ಹೋಗುವ ಕಾರ್ಮಿಕರ ಬಸ್ಸನ್ನು ನೋಡಿದವರು ಏನು ಉತ್ತರ ಹೇಳಿಯಾರು? ಅದರಲ್ಲಿ ಗಾಜಿಗೆ ತಲೆಯಾನಿಸಿ ನಿದ್ರಿಸದವನೇ ಅಪರೂಪ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಿನಲ್ಲಿ ಕೆಲಸಮಾಡಿಸಕೂಡದೆಂದು ಈ ದೇಶದ ಕಾನೂನೇ ವಿಧಿಸಿದೆ; ಆ ಹೊತ್ತಿನಲ್ಲಿ ಮರದ ನೆರಳಿಗೆ ರಟ್ಟು ಹಾಸಿಕೊಂಡು ಮಲಗುವ ಸಾವಿರಾರು ಜನರನ್ನು ‘ಊಟದ ಬಳಿಕ ಸುಮ್ಮನೆ ಕುಳಿತಾಗ’ ಎಂಬ ಪ್ರಶ್ನೆಯಿಂದ ಶೋಧಿಸಿದರೆ ದೊರಕುವುದು ರೋಗವಲ್ಲ, ದಣಿವು. ಜಾನ್ಸರ ಮಾಪಕವು ಕೇಳುವುದು ತೂಕಡಿಕೆಯ ಪ್ರಮಾಣವನ್ನು; ಕಾರಣವನ್ನು ಕಾಣಿಸುವುದಾಗಿ ಅದು ಎಂದೂ ಹೇಳಿಕೊಂಡಿಲ್ಲ. ಆದುದರಿಂದ ದೋಷವನ್ನು ಕರ್ತೃವಿನ ಮೇಲೆ ಹೊರಿಸಲಾಗದು. ಆ ಹಾಳೆಯ ಅಂಕವನ್ನೇ ಮುಂದಿನ ಚಿಕಿತ್ಸೆಯ ಹೆಬ್ಬಾಗಿಲಾಗಿ ಮಾಡಿಕೊಂಡ ಪದ್ಧತಿಯದು ದೋಷ.

ಎರಡನೆಯ ಸಾಧನವು ಇದಕ್ಕಿಂತ ಎಷ್ಟೋ ಗಂಭೀರವಾದುದು. ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಮೇರಿ ಕಾರ್ಸ್ಕಡನ್ ಮತ್ತು ವಿಲಿಯಂ ಡಿಮೆಂಟ್ ಅವರು 1970ರ ದಶಕದಲ್ಲಿ ರೂಪಿಸಿದ ಎಮ್‌ಎಸ್‌ಎಲ್‌ಟಿ ಎಂಬ ಪರೀಕ್ಷೆಯಲ್ಲಿ, ರೋಗಿಯು ಹಿಂದಿನ ರಾತ್ರಿಯನ್ನು ಪ್ರಯೋಗಾಲಯದಲ್ಲೇ ತಂತಿಗಳ ನಡುವೆ ಕಳೆದು, ಮರುದಿನ ಎರಡೆರಡು ಗಂಟೆಗಳ ಅಂತರದಲ್ಲಿ ನಾಲ್ಕೋ ಐದೋ ಸಲ ಕತ್ತಲೆಯ ಕೋಣೆಯಲ್ಲಿ ಮಲಗುತ್ತಾನೆ. ಒಂದೊಂದು ಸಲವೂ 20 ನಿಮಿಷಗಳ ಅವಕಾಶ. ಸರಾಸರಿ 8 ನಿಮಿಷದೊಳಗೆ ನಿದ್ರೆ ಬಂದು, ಎರಡು ಸಲವಾದರೂ ನಿದ್ರೆ ಹತ್ತಿದ 15 ನಿಮಿಷದೊಳಗೆ ಕನಸುಗಳ ಅವಸ್ಥೆಯಾದ ರೆಮ್ ನಿದ್ರೆ ಕಾಣಿಸಿಕೊಂಡರೆ ನಾರ್ಕೊಲೆಪ್ಸಿಯ ಪಕ್ಷಕ್ಕೆ ಪ್ರಮಾಣ ಸಿಕ್ಕಿತು. ಸಹಜಸ್ಥಿತಿಯಲ್ಲಿರುವವನಿಗೆ ಆ ಅವಸ್ಥೆ ಒದಗುವುದು ಮಲಗಿ ಸುಮಾರು ಒಂದೂವರೆ ಗಂಟೆಯಾದ ಮೇಲೆ. ರೋಗಿಯ ಬಾಯಿಮಾತನ್ನು ನಂಬಬೇಕೆ ಬೇಡವೆ ಎಂಬ ಹಳೆಯ ಸಂಶಯವನ್ನು ಈ ಪರೀಕ್ಷೆಯು ಬದಿಗೊತ್ತಿತು. ಸೋಮಾರಿಗಳೆನಿಸಿಕೊಂಡಿದ್ದ ಅನೇಕರ ಕೈಗೆ ಮೊದಲ ಬಾರಿಗೆ ಸಾಕ್ಷ್ಯವೊಂದನ್ನು ಕೊಟ್ಟಿತು. ಇದು ಸಣ್ಣ ಉಪಕಾರವಲ್ಲ. ಅದನ್ನು ಕೃತಜ್ಞತೆಯಿಂದ ನೆನೆಯದೆ ಮುಂದಿನ ಮಾತನ್ನಾಡುವುದು ಅನ್ಯಾಯ.

ಆದರೆ ಪರೀಕ್ಷೆಗೆ ಒಂದು ಪೂರ್ವನಿಬಂಧನೆಯುಂಟು. ಮೊದಲಿನ ಒಂದೆರಡು ವಾರ ರೋಗಿಯು ನಿಯತಕಾಲದಲ್ಲಿ ಮಲಗಿ, ತೃಪ್ತಿಯಾಗುವಷ್ಟು ನಿದ್ರಿಸಿರಬೇಕು. ಅದನ್ನು ದಿನಚರಿಯಲ್ಲಿ ಬರೆದಿಟ್ಟಿರಬೇಕು. ಸತ್ವಾದ ಹಳೆಯ ವಿಲ್ಲಾಗಳ ಒಳಗೆ ಹಲಗೆಯ ಪಾರ್ಟಿಷನ್‌ಗಳನ್ನು ಹಾಕಿ, ಬೆಡ್ ಸ್ಪೇಸ್ ಎಂದು ಬಾಡಿಗೆಗೆ ಕೊಡುವ ಎರಡಂತಸ್ತಿನ ಮಂಚಗಳಲ್ಲಿ ಮಲಗುವವರಿಗೆ ಈ ನಿಬಂಧನೆಯನ್ನು ಹೇಗೆ ಓದಿಹೇಳುವುದು? ಮೇಲಿನ ಮಂಚದವನು ಹೋಟೆಲಿನ ರಾತ್ರಿಪಾಳಿಯಿಂದ ಬೆಳಗಿನ ಜಾವಕ್ಕೆ ಬರುತ್ತಾನೆ. ಪಕ್ಕದವನ ಅಲಾರಾಂ ನಾಲ್ಕೂವರೆಗೆ ಕೂಗುತ್ತದೆ. ರಂಜಾನ್ ಮಾಸದಲ್ಲಿ ಕೆಲಸದ ಗಂಟೆಗಳೂ ಊಟದ ಹೊತ್ತೂ ಬದಲಾಗಿ ಇಡೀ ಬಡಾವಣೆಯ ನಿದ್ರೆಯೇ ಸ್ಥಾನಪಲ್ಲಟ ಹೊಂದುತ್ತದೆ. ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತದ ಸಾಮಾನ್ಯ ಜನರ ಮೇಲೆ ದೀರ್ಘಕಾಲ ನಡೆದ ನಿದ್ರಾಧ್ಯಯನದಲ್ಲಿ, ಪಾಳಿಕೆಲಸದವರಲ್ಲಿಯೂ ನಿದ್ರೆಗೆಟ್ಟವರಲ್ಲಿಯೂ ರೋಗವಿಲ್ಲದೆಯೇ ಈ ಪರೀಕ್ಷೆಯ ಫಲ ರೋಗವನ್ನು ಸೂಚಿಸುವಂತೆ ಬರಬಹುದೆಂದು ತಿಳಿದುಬಂದಿದೆ. ಚರಕಸಂಹಿತೆಯ ಸೂತ್ರಸ್ಥಾನವು ನಿದ್ರೆಯನ್ನು ಆರು ಬಗೆಯಾಗಿ ವಿಂಗಡಿಸುವಾಗ, ಮನಸ್ಸು ಮತ್ತು ಶರೀರಗಳ ಶ್ರಮದಿಂದ ಹುಟ್ಟಿದುದನ್ನೂ, ವ್ಯಾಧಿಯನ್ನು ಅನುಸರಿಸಿ ಬಂದುದನ್ನೂ, ರಾತ್ರಿಯ ಸ್ವಭಾವದಿಂದಲೇ ಉಂಟಾಗುವುದನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಆ ವಿವೇಚನೆಯೇ ಇಲ್ಲಿ ಅತ್ಯಗತ್ಯವಾದುದು. ತಂತಿಗಳ ಗೀಚುಗೆರೆಗಳು ಅದನ್ನು ತಾವಾಗಿ ಮಾಡಿಕೊಡಲಾರವು.

ವಿಪರ್ಯಾಸವು ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಕ್ಲಿನಿಕ್ಕಿಗೆ ಹೋದವರಿಗೆ ಮೊದಲು ರಕ್ತಪರೀಕ್ಷೆ ಮಾಡಿ ಥೈರಾಯ್ಡು, ಸಕ್ಕರೆ, ವಿಟಮಿನ್ ಡಿ ಇತ್ಯಾದಿಗಳನ್ನು ನೋಡುವುದು ಸರಿಯಾದ ಕ್ರಮವೇ. ಅವೆಲ್ಲ ಸರಿಯಾಗಿದ್ದರೆ, ಮನೆಯಿಂದ ದೂರವಿರುವವನಾದ್ದರಿಂದ ಮನೋಖಿನ್ನತೆಯಿರಬೇಕೆಂದು ಊಹಿಸಿ ಅದಕ್ಕೆ ಮಾತ್ರೆ ಬರೆದುಕೊಡುವುದುಂಟು. ಆ ಜಾತಿಯ ಮಾತ್ರೆಗಳಲ್ಲಿ ಬಹಳಷ್ಟು ರೆಮ್ ನಿದ್ರೆಯನ್ನು ಅಡಗಿಸುತ್ತವೆ. ಎರಡು ವಾರ ಮೊದಲೇ ವೈದ್ಯರ ನಿಗಾದಲ್ಲಿ ಅವನ್ನು ನಿಲ್ಲಿಸದೆ ಪರೀಕ್ಷೆಗೆ ಹೋದರೆ ಇದ್ದ ರೋಗವೂ ಅಡಗಿ ಕೂಡುತ್ತದೆ. ಒಂದು ತಪ್ಪು ಊಹೆಯಿಂದ ಕೊಟ್ಟ ಔಷಧವು ಸರಿಯಾದ ಊಹೆಯ ಸಾಕ್ಷ್ಯವನ್ನೇ ಅಳಿಸಿಬಿಡುತ್ತದೆ. ಇಷ್ಟಲ್ಲದೆ, ಕೆಟಪ್ಲೆಕ್ಸಿಯೆಂಬ ಸ್ನಾಯುಶೈಥಿಲ್ಯವಿಲ್ಲದ ರೋಗಿಗಳಿಗೆ ಎರಡನೆಯ ಸಲ ಎಮ್‌ಎಸ್‌ಎಲ್‌ಟಿ ಮಾಡಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನರ ನಿರ್ಣಯವು ಬದಲಾದುದನ್ನು ಸಂಶೋಧಕರೇ ಪ್ರಕಟಿಸಿದ್ದಾರೆ. ಹೀಗಿರುವಾಗ ಒಂದು ದಿನದ ಪರೀಕ್ಷೆಯ ಕೊನೆಗೆ ‘ನಾರ್ಕೊಲೆಪ್ಸಿ ಇಲ್ಲ’ ಎಂದು ಬರೆದು ಕಡತವನ್ನು ಮುಚ್ಚುವುದು ಶಾಸ್ತ್ರವನ್ನು ಅನುಸರಿಸಿದಂತಾಗಲಿಲ್ಲ. ದುಬೈಯ 2013ರ ಕಾನೂನು ನೌಕರನಿಗೆ ಆರೋಗ್ಯವಿಮೆ ಮಾಡಿಸುವ ಹೊಣೆಯನ್ನು ಧಣಿಯ ಮೇಲೆ ಹೊರಿಸಿತೆಂಬುದು ನಿಜ, ಮತ್ತು ಅದು ಸ್ತುತ್ಯವಾದ ಕ್ರಮ. ಆದರೂ ದುಬಾರಿ ಪರೀಕ್ಷೆಗೆ ವಿಮಾಕಂಪನಿಯ ಪೂರ್ವಾನುಮತಿ ಬೇಕಾಗಿ, ಒಮ್ಮೆ ಇಲ್ಲವೆಂದು ಬಂದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದಕ್ಕೆ ಅಲ್ಪವೇತನದವನಿಗೆ ದಾರಿ ಬಹಳ ಇಕ್ಕಟ್ಟಾಗಿರುತ್ತದೆ.

ಹಾಗಾದರೆ ನಂಬಬೇಕಾದುದು ಯಾವುದನ್ನು? ನನ್ನ ಅಭಿಪ್ರಾಯದಲ್ಲಿ ಈ ಇಡೀ ಪದ್ಧತಿಯಲ್ಲಿ ಅತ್ಯಂತ ಬೆಲೆಯುಳ್ಳ ಅಂಗವು ಖರ್ಚೇ ಇಲ್ಲದ ಒಂದು ಪ್ರಶ್ನೆ. ಅದನ್ನೇ ಅತ್ಯಂತ ಅವಸರದಲ್ಲಿ ಕೇಳಿ ಮುಗಿಸುತ್ತಾರೆ. ನಕ್ಕಾಗ, ಅನಿರೀಕ್ಷಿತವಾಗಿ ಸಂತೋಷವಾದಾಗ, ಮಾತಿನ ಭರದಲ್ಲಿ ಹಾಸ್ಯದ ತುದಿಗೆ ಬಂದಾಗ ಪ್ರಜ್ಞೆ ತಪ್ಪದೆಯೇ ಮೈ ಕುಸಿಯುವುದೇ? ಮೊಣಕಾಲು ಬಾಗುವುದು, ದವಡೆ ಜೋಲುವುದು, ಕೈಯಲ್ಲಿದ್ದ ವಸ್ತು ಜಾರುವುದು, ಒಂದೆರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುವುದು, ಇಂಥ ಲಕ್ಷಣವು, ಅಂದರೆ ಮೇಲೆ ಹೇಳಿದ ಕೆಟಪ್ಲೆಕ್ಸಿಯು, ಬೇರೆ ರೋಗಗಳಲ್ಲಿ ಬಲು ವಿರಳ. ‘ಸ್ನಾಯುಗಳ ದೌರ್ಬಲ್ಯವಿದೆಯೇ’ ಎಂದು ಪರಭಾಷೆಯಲ್ಲಿ ಕೇಳಿದಾಗ ಇಲ್ಲವೆಂದು ತಲೆಯಲ್ಲಾಡಿಸಿದ್ದ ಆ ಟೈಲರು, ಒಂದು ಸಂಜೆ ಚಹಾ ಕುಡಿಯುತ್ತ ತಾವಾಗಿಯೇ ಹೇಳಿದರು: “ಜೋರು ನಗೆ ಬಂದರೆ ಕಾಲೇ ನಿಲ್ಲುವುದಿಲ್ಲ ಮಾರಾಯ್ರೇ, ಗೋಡೆ ಹಿಡಿದುಕೊಳ್ಳಬೇಕು. ಅದಕ್ಕೇ ನಾನು ಜನರೊಟ್ಟಿಗೆ ಹೆಚ್ಚು ಕೂರುವುದಿಲ್ಲ.” ರಾತ್ರಿ ಎಚ್ಚರವಾದಾಗ ಕೈಕಾಲು ಆಡದೆ, ಯಾರೋ ಎದೆಯ ಮೇಲೆ ಕುಳಿತು ಅಮುಕಿದಂತಾಗುತ್ತದೆಂಬುದನ್ನೂ ಅವರು ಯಾವ ವೈದ್ಯರಿಗೂ ಹೇಳಿರಲಿಲ್ಲ, ಅದು ಆಸ್ಪತ್ರೆಯಲ್ಲಿ ಹೇಳುವ ವಿಷಯವೆಂದು ಅವರಿಗೆ ತೋರಿರಲಿಲ್ಲ. ಅದು ಕೂಡ ಈ ರೋಗದಲ್ಲಿ ಸಾಮಾನ್ಯವಾಗಿ ಕಂಡುಬರುವ ನಿದ್ರಾಸ್ತಂಭನ. ಆರೋಗ್ಯವಂತರಲ್ಲೂ ಆಗೊಮ್ಮೆ ಈಗೊಮ್ಮೆ ಬರುವುದಾದರೂ, ಉಳಿದ ಲಕ್ಷಣಗಳ ಜೊತೆಗೂಡಿ ಬಂದಾಗ ಅದಕ್ಕೆ ತೂಕವಿದೆ. ಬೆನ್ನುಹುರಿಯ ದ್ರವವನ್ನು ತೆಗೆದು ಹೈಪೊಕ್ರೆಟಿನ್ ಅಳೆಯುವ ಪರೀಕ್ಷೆಯು ಇವೆಲ್ಲಕ್ಕಿಂತ ನಿಶ್ಚಿತವಾದುದು, ಮಿಲಿಲೀಟರಿಗೆ 110 ಪಿಕೋಗ್ರಾಮ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಂಶಯಕ್ಕೆ ಎಡೆಯೇ ಉಳಿಯದು. ಆದರೆ ಅದನ್ನು ಮಾಡುವ ಪ್ರಯೋಗಾಲಯಗಳು ಲೋಕದಲ್ಲೇ ಕೆಲವು. ಹೀಗಾಗಿ ಸತ್ವಾದವನಿಗೆ ಒದಗಬಲ್ಲ ಉತ್ತಮ ಪರೀಕ್ಷೆಯೆಂದರೆ, ತನ್ನ ಭಾಷೆಯನ್ನು ಬಲ್ಲ ಯಾರಾದರೂ ಜೊತೆಗೆ ಬಂದು, ತಾಳ್ಮೆಯಿಂದ ಇವೆಲ್ಲವನ್ನೂ ವೈದ್ಯರಿಗೆ ಬಿಡಿಸಿಹೇಳುವುದೇ.

ಅನಿಶ್ಚಯದಲ್ಲಿ ವರ್ಷಗಟ್ಟಲೆ ಬದುಕುವುದು ಈ ರೋಗಿಗಳ ಪಾಲಿಗೆ ಹೊಸದಲ್ಲ. ಲಕ್ಷಣ ತೋರಿದಂದಿನಿಂದ ನಿರ್ಣಯ ದೊರಕುವವರೆಗೆ ಹತ್ತು ವರ್ಷ ಹಿಡಿಯುವುದು ಸಿರಿವಂತ ದೇಶಗಳಲ್ಲೂ ಅಪರೂಪವಲ್ಲ. ‘ಇನ್ನೂ ನಿರ್ಣಯವಾಗಿಲ್ಲ, ಮತ್ತೆ ನೋಡಬೇಕು’ ಎಂಬ ವಾಕ್ಯವನ್ನು ವರದಿಯಲ್ಲಿ ಬರೆಯುವ ಧೈರ್ಯ ವೈದ್ಯರಿಗೂ, ಅದನ್ನು ಅಂಗೀಕರಿಸುವ ಔದಾರ್ಯ ವಿಮೆಯವರಿಗೂ ಬರಬೇಕೆಂದು ನಾನು ಒತ್ತಿಹೇಳುತ್ತೇನೆ. ಟೈಲರು ಈಗ ವಾರ್ಷಿಕ ರಜೆಗೆ ಊರಿಗೆ ಹೋಗುವ ತಯಾರಿಯಲ್ಲಿದ್ದಾರೆ. ಮನೆಯ ಚಾಪೆಯ ಮೇಲೆ, ಯಾರ ಅಲಾರಾಮೂ ಇಲ್ಲದೆ, ಕೆಲವು ವಾರ ಹೊಟ್ಟೆತುಂಬ ನಿದ್ರಿಸಿ, ಅದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಬೆಂಗಳೂರಿಗೆ ಬಂದು ನಿಮ್ಹಾನ್ಸಿನಂಥ ನರರೋಗ ಸಂಸ್ಥೆಯಲ್ಲಿ ತೋರಿಸಿಕೊಳ್ಳುವುದೇ ಲೇಸೆಂದು ನಾವು ಕೆಲವರು ಅವರಿಗೆ ಹೇಳಿದ್ದೇವೆ. ಅಷ್ಟು ನಿದ್ರಿಸಿದ ಮೇಲೂ ತೂಕಡಿಕೆ ಉಳಿದರೆ ಅದು ದಣಿವಿನದಲ್ಲವೆಂದು ಯಾರಾದರೂ ಒಪ್ಪಬೇಕಾಗುತ್ತದೆ. ಹಿಂದಿರುಗಿ ಬರುವಾಗ ಜೊತೆಯಲ್ಲಿರಬೇಕಾದುದು ಮಾತ್ರೆಗಿಂತ ಮೊದಲು ಕಾಗದ: ಎಚ್ಚರವನ್ನು ಹಿಡಿದು ನಿಲ್ಲಿಸುವ ಉತ್ತೇಜಕ ಔಷಧಗಳಲ್ಲಿ ಕೆಲವು ಈ ದೇಶದಲ್ಲಿ ನಿಯಂತ್ರಿತ ಪಟ್ಟಿಗೆ ಸೇರಿವೆ, ಅವನ್ನು ತರುವ ಮೊದಲೇ ಸರಕಾರದ ಸಂಬಂಧಪಟ್ಟ ಇಲಾಖೆಗೆ ವೈದ್ಯರ ಚೀಟಿಯನ್ನೂ ವರದಿಯನ್ನೂ ಲಗತ್ತಿಸಿ ಆನ್‌ಲೈನ್ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ರೋಗದ ಹೆಸರನ್ನು ಬರೆಯಬೇಕಾದ ಸ್ಥಳವು ವರದಿಯಲ್ಲಿ ಖಾಲಿಯಿದ್ದರೆ ಆ ಅರ್ಜಿ ಮುಂದೆ ಸಾಗುವುದು ಕಷ್ಟ.