ಗೋಡೆಯೊಳಗಿನ ಸುಖ: ಒಂದು ಗ್ರಂಥವಿಮರ್ಶೆ

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ ಪೇಟೆಗಳ ವಿಚಾರವನ್ನು ವಿಸ್ತಾರವಾಗಿ ಹೇಳಿ, ಗೃಹಸ್ಥನ ಮನೆಯ ಹೊಸ್ತಿಲಲ್ಲಿ ನಿಂತುಬಿಡುವುದು ವಾಡಿಕೆ. ಬ್ರೆಜಿಲ್ ದೇಶದ ಮಾನವಶಾಸ್ತ್ರಜ್ಞೆ ತೆರೆಸಾ ಕಾಲ್ಡೇರಾ ಅವರು 2000ದಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಸಿಟಿ ಆಫ್ ವಾಲ್ಸ್’ ಎಂಬ ಗ್ರಂಥವು ಆ ಹೊಸ್ತಿಲನ್ನು ದಾಟಿದೆ. ಸಾವೊ ಪಾಲೊ ನಗರದ ಸ್ಥಿತಿವಂತರು ಎತ್ತರದ ಗೋಡೆ, ಕಾವಲುಗಾರರು, ತಪಾಸಣೆಯ ದ್ವಾರ ಇವುಗಳ ನಡುವೆ ನಿರ್ಮಿಸಿಕೊಂಡ ಖಾಸಗಿ ವಸತಿಗಳು ಇದರ ಮುಖ್ಯ ವಸ್ತುಗಳಲ್ಲೊಂದು. ಅಲ್ಲಿ ನೆಲೆಸಿದವರ ಬಾಳು ನಿಜವಾಗಿ ಹಸನಾಯಿತೇ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಈ ಗ್ರಂಥವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬ್ರೆಜಿಲಿನಲ್ಲಿ 1964ರಿಂದ 1985ರವರೆಗೆ ಸೈನಿಕಾಡಳಿತವಿದ್ದಿತು. ಅದು ಅಳಿದು ಪ್ರಜಾಪ್ರಭುತ್ವವು ಮರಳಿದ ಕಾಲದಲ್ಲಿಯೇ ಅಪರಾಧಗಳ ಭಯವೂ ಅದರೊಡನೆ ಗೋಡೆಗಳೂ ಬೆಳೆದುವು. ಮತಗಟ್ಟೆಯಲ್ಲಿ ಸಮಾನರಾದವರು ಬೀದಿಯಲ್ಲಿ ಪರಸ್ಪರ ದೂರವಾದರೆಂಬ ಈ ವಿರೋಧಾಭಾಸವನ್ನು ಗ್ರಂಥಕರ್ತ್ರಿಯು ನಿವಾಸಿಗಳ ಸಂದರ್ಶನಗಳಿಂದಲೂ ಪತ್ರಿಕೆಗಳ ಜಾಹೀರಾತುಗಳಿಂದಲೂ ಸಮರ್ಥವಾಗಿ ಸ್ಥಾಪಿಸಿದ್ದಾರೆ. ಮನೆ ಮಾರುವ ಜಾಹೀರಾತನ್ನೂ ಚಾರಿತ್ರಿಕ ಆಧಾರವಾಗಿ ಓದಬಹುದೆಂಬುದು ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ಪಾಠ.

ಗೋಡೆಯೊಳಗಿನ ಬಾಳಿನ ವಿವೇಚನೆ ಇನ್ನೂ ಬೆಲೆಯುಳ್ಳದ್ದು. ಜಾಹೀರಾತುಗಳು ಈಜುಕೊಳ, ಕ್ರೀಡಾಂಗಣಗಳನ್ನು ಬಣ್ಣಿಸಿದರೂ ಅವುಗಳನ್ನು ಬಳಸುವವರು ವಿರಳ. ನಿಯಮಗಳನ್ನು ರಚಿಸುವಲ್ಲಿಯೂ ಪಾಲಿಸುವಲ್ಲಿಯೂ ನೆರೆಹೊರೆಯವರಲ್ಲಿ ಒಮ್ಮತವಿಲ್ಲ. ಹೊರಗಿನ ಕಳ್ಳನಿಗೆ ಹೆದರಿ ಗೋಡೆ ಕಟ್ಟಿದವರು, ತಮ್ಮ ಮಕ್ಕಳೇ ಒಳಗಿನ ರಸ್ತೆಗಳಲ್ಲಿ ಅಂಕೆಯಿಲ್ಲದೆ ಕಾರು ಓಡಿಸಿದಾಗ ಅದನ್ನು ಮನೆವಾರ್ತೆಯೆಂದು ಮುಚ್ಚಿಡುತ್ತಾರೆ. ಭಯವು ತಗ್ಗಿದ ಮಾತ್ರಕ್ಕೆ ಸಹಜೀವನದ ಶಿಸ್ತು ತಾನಾಗಿ ಬರುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಗೋಡೆಗಳ ಹುಟ್ಟಿಗೆ ಕಾರಣ ಹೇಳುವಾಗ ಗ್ರಂಥಕರ್ತ್ರಿಯು ಅಪರಾಧಭಯಕ್ಕೆ ಅಗ್ರಸ್ಥಾನವಿತ್ತಿದ್ದಾರೆ. ಸಾವೊ ಪಾಲೊವಿನ ಮಟ್ಟಿಗೆ ಇದು ಒಪ್ಪತಕ್ಕದ್ದು. ಆದರೆ ಬೆಂಗಳೂರಿನ ಖಾಸಗಿ ಬಡಾವಣೆಗಳಿಗೂ ಇದನ್ನೇ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. 1898ರ ಪ್ಲೇಗಿನ ತರುವಾಯ ಜನ ತುಂಬಿದ ಬಸವನಗುಡಿ, ಮಲ್ಲೇಶ್ವರಗಳು ಸರ್ಕಾರವೇ ರೂಪಿಸಿದ ಬಡಾವಣೆಗಳು; 1945ರಲ್ಲಿ ನಗರಾಭಿವೃದ್ಧಿಗೆ ವಿಶ್ವಸ್ತ ಮಂಡಲಿಯೂ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ಸ್ಥಾಪಿತವಾದುವು. 1990ರ ದಶಕದಿಂದೀಚೆಗೆ ನಗರವು ಸರ್ಜಾಪುರ, ವೈಟ್‌ಫೀಲ್ಡ್‌ಗಳ ಕಡೆಗೆ ಹಬ್ಬಿದ ವೇಗದಲ್ಲಿ ಕಾವೇರಿಯ ಕೊಳಾಯಿಯೂ ಒಳಚರಂಡಿಯೂ ಹಬ್ಬಲಿಲ್ಲ. ಕೊಳವೆಬಾವಿ, ಜನರೇಟರು, ಕೊಳಚೆನೀರಿನ ಶುದ್ಧೀಕರಣ ಇವೆಲ್ಲವನ್ನೂ ನಿವಾಸಿಗಳ ಸಂಘವು ತಿಂಗಳ ವಂತಿಗೆ ಎತ್ತಿ ನಡೆಸಬೇಕಾಯಿತು. ಇಲ್ಲಿ ಗೋಡೆಗೆ ಕಳ್ಳರ ಭಯಕ್ಕಿಂತ ಪುರಾಡಳಿತದ ಅಭಾವವೇ ಬಲವಾದ ಕಾರಣವೆಂದು ನನ್ನ ಅಭಿಪ್ರಾಯ.

ಕಾರಣ ಬೇರೆಯಾದಾಗ ಸುಖವನ್ನು ಅಳೆಯುವ ಬಗೆಯೂ ಬೇರೆಯಾಗಬೇಕು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕಡೆಯ ಸಿರಿವಂತ ಬಡಾವಣೆಗಳಿಗೆ ಮಳೆನೀರು ನುಗ್ಗಿ, ನಿವಾಸಿಗಳು ದೋಣಿ ಟ್ರ್ಯಾಕ್ಟರುಗಳಲ್ಲಿ ಹೊರಬರಬೇಕಾಯಿತು. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಗೆ ಖಾಸಗಿ ಗೋಡೆಯ ಲೆಕ್ಕವಿಲ್ಲ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಇಂತಹ ವಸತಿಗಳೂ ಟ್ಯಾಂಕರಿನ ದಾರಿ ಕಾದುವು. ಉದ್ಯಾನ, ವ್ಯಾಯಾಮಶಾಲೆ, ಕಾವಲುಗಳನ್ನು ಎಣಿಸಿ ಜೀವನದ ಗುಣಮಟ್ಟವನ್ನು ನಿರ್ಣಯಿಸುವ ಸಮೀಕ್ಷೆಗಳು ಕೆರೆ, ಕಾಲುವೆ, ಅಂತರ್ಜಲಗಳನ್ನೂ, ಪ್ರತಿದಿನ ಬೆಳಗ್ಗೆ ದ್ವಾರದಲ್ಲಿ ಚೀಟಿ ತೋರಿಸಿ ಒಳಬರುವ ಮನೆಗೆಲಸದವರನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಅಪೂರ್ಣವೇ ಸರಿ.

ಈ ಗ್ರಂಥವನ್ನು ಚರಿತ್ರೆಯ ವಿದ್ಯಾರ್ಥಿಗಳು ಅವಶ್ಯ ಓದಬೇಕು. ಅದರ ವಿಧಾನವನ್ನು ಅನುಸರಿಸಬಹುದು. ಅದರ ನಿರ್ಣಯವನ್ನು ಮಾತ್ರ ಎರವಲು ತರಬಾರದು. ನಮ್ಮ ಊರಿನ ಗೋಡೆಗಳ ಕಥೆಯನ್ನು ನಮ್ಮ ಊರಿನ ನೀರಿನ ದಾಖಲೆಗಳಿಂದಲೇ ಬರೆಯಬೇಕಾಗಿದೆ. ಆ ಕೆಲಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕೈಗೊಳ್ಳಲೆಂದು ಆಶಿಸುತ್ತೇನೆ.