‘50 ಪದ’ಗಳ ಗಡಿ ಮತ್ತು ಕನ್ನಡ ಕಲಿಯುವ ಮಗು

ಎರಡು ವರ್ಷ ತುಂಬಿದ ಮಗು 50ಕ್ಕಿಂತ ಕಡಿಮೆ ಪದಗಳನ್ನು ಆಡುತ್ತಿದ್ದರೆ, ಅಥವಾ ಎರಡು ಪದಗಳನ್ನು ಕೂಡಿಸಿ ಆಡದಿದ್ದರೆ, ಅದರ ಮಾತು ತಡವಾಗಿದೆ ಎಂದು ಪರಿಗಣಿಸುವುದು ವಾಡಿಕೆ. ಲೆಸ್ಲಿ ರೆಸ್ಕೋರ್ಲಾ 1989ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜ್ ಡೆವಲಪ್‌ಮೆಂಟ್ ಸರ್ವೆ’ ಈ ಮಾನದಂಡವನ್ನು ಪ್ರಚಲಿತಗೊಳಿಸಿತು. ಇಂಗ್ಲಿಷ್ ಪದಗಳ ಪಟ್ಟಿಯೊಂದರಲ್ಲಿ ಮಗು ಆಡುವ ಪದಗಳಿಗೆ ಪೋಷಕರು ಗುರುತು ಹಾಕುವ ಪ್ರಾಥಮಿಕ ಪರೀಕ್ಷೆ ಅದು. ಆ ಮಟ್ಟಿಗೆ ಅದರ ಉಪಯುಕ್ತತೆಯನ್ನು ಅಲ್ಲಗಳೆಯಲಾಗದು. ಆದರೆ ಅದೇ ಎಣಿಕೆಯನ್ನು ಕನ್ನಡಕ್ಕೆ ಅನ್ವಯಿಸಿ, ವಾಕ್ ಚಿಕಿತ್ಸೆ ಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಬರುವುದು ಸಮರ್ಥನೀಯವಲ್ಲ.

ಮೊದಲನೆಯ ತೊಡಕು ‘ಕೂಡಿಸಿ ಆಡುವುದು’ ಎಂಬುದರಲ್ಲಿದೆ. ಇಂಗ್ಲಿಷ್ ಕಲಿಯುವ ಮಗು ‘ನೋ ಕಮ್’ ಎಂದರೆ ಎರಡು ಪದಗಳು ಕೂಡಿದಂತೆ. ಅದೇ ನಿಷೇಧಾರ್ಥವನ್ನು ಕನ್ನಡದ ಮಗು ‘ಬರಲ್ಲ’ ಎಂಬ ಒಂದೇ ಪದದಲ್ಲಿ ಹೇಳುತ್ತದೆ. ‘ಅಮ್ಮಂದು’ ಎಂಬುದರಲ್ಲಿ ಒಡೆತನವೂ ‘ಮನೇಲಿ’ ಎಂಬುದರಲ್ಲಿ ಸ್ಥಳವೂ ಪ್ರತ್ಯಯದಲ್ಲೇ ಅಡಗಿವೆ. ‘ಬಂದ್ಲು’ ಎಂದಾಗ ಕರ್ತೃಪದವೇ ಬೇಕಿಲ್ಲ. ಪದಗಳನ್ನಷ್ಟೇ ಎಣಿಸುವವರಿಗೆ ಈ ವ್ಯಾಕರಣ ಕಾಣಿಸುವುದಿಲ್ಲ.

ಹಾಗೆಂದು ಪ್ರತ್ಯಯವಿರುವ ರೂಪವೆಲ್ಲ ವ್ಯಾಕರಣಜ್ಞಾನಕ್ಕೆ ಸಾಕ್ಷಿಯಲ್ಲ. ಮಗು ಅದನ್ನು ಇಡಿಯಾಗಿ ಕಲಿತಿರಬಹುದು. ‘ಅಮ್ಮಂದು’ ಜೊತೆಗೆ ‘ಅಜ್ಜೀದು’, ‘ಬರಲ್ಲ’ ಜೊತೆಗೆ ‘ಬರ್ತೀನಿ’ ಬಳಕೆಯಲ್ಲಿವೆಯೇ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. ಅಂಥ ವೈದೃಶ್ಯ ಕಂಡರೆ ಅದನ್ನು ಸಂಯೋಜನೆಯೆಂದೇ ಪರಿಗಣಿಸಬೇಕು.

ಎರಡನೆಯದು, ಯಾವುದನ್ನು ಪದವೆಂದು ಎಣಿಸಬೇಕು ಎಂಬುದು. ಪಟ್ಟಿಯನ್ನು ಅನುವಾದಿಸಿದ ಮಾತ್ರಕ್ಕೆ ‘ಮಮ್ಮು’, ‘ತಾಚಿ’ಯಂತಹ ಶಿಶುನುಡಿಗಳು ಅದರೊಳಗೆ ಬರುವುದಿಲ್ಲ. ಮನೆಯಲ್ಲಿ ತುಳು, ನೆರೆಯಲ್ಲಿ ಕನ್ನಡ ಕೇಳುವ ಮಗು ಒಂದರಲ್ಲಿ 30, ಇನ್ನೊಂದರಲ್ಲಿ 25 ಪದಗಳನ್ನು ಆಡಿದರೆ, ಒಂದೇ ಭಾಷೆಯ ಎಣಿಕೆ ಅದನ್ನು ಗಡಿಯ ಕೆಳಗೆ ತಳ್ಳುತ್ತದೆ. ಎರಡನ್ನೂ ಕೂಡಿಸಿದರೆ ಅದು ಗಡಿ ದಾಟಿರುತ್ತದೆ.

ಗಡಿಯೂ ಸ್ಥಿರವಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2022ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಸುಮಾರು 50 ಪದಗಳ ನಿರೀಕ್ಷೆ 30 ತಿಂಗಳ ವಯಸ್ಸಿಗಿದೆ. ಶೇ. 75ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಸಾಧಿಸುವುದನ್ನೇ ಅಲ್ಲಿ ಮೈಲಿಗಲ್ಲಾಗಿ ಇರಿಸಲಾಗಿದೆ. ಅಂದರೆ ಗಡಿಯನ್ನು ಎಲ್ಲಿ ಎಳೆಯಬೇಕೆಂಬುದು ಒಂದು ಆಯ್ಕೆ, ಭಾಷೆಯ ಸಹಜಗುಣವಲ್ಲ.

ಈ ವಿಮರ್ಶೆಯನ್ನು ‘ಕಾಯೋಣ’ ಎಂಬ ಸಲಹೆಯಾಗಿ ಓದಬಾರದು. ತಡವಾಗಿ ಮಾತು ಕಲಿಯುವ ಅನೇಕ ಮಕ್ಕಳು ಮುಂದೆ ಓರಗೆಯವರನ್ನು ಸೇರಿಕೊಳ್ಳುತ್ತಾರೆ, ಎಲ್ಲರೂ ಅಲ್ಲ. ಪದಗಳು ಎಷ್ಟೇ ಇರಲಿ, ಅನುಮಾನ ಬಂದೊಡನೆ ಶ್ರವಣ ಪರೀಕ್ಷೆ ಆಗಲೇಬೇಕು. ಸರಳ ಮಾತು ಅರ್ಥವಾಗದ, ಬೆರಳು ತೋರಿಸದ, ಅಥವಾ ಆಡುತ್ತಿದ್ದ ಪದಗಳನ್ನು ಕಳೆದುಕೊಂಡ ಮಗುವನ್ನು ತಡಮಾಡದೆ ತಜ್ಞರ ಬಳಿಗೆ ಕಳುಹಿಸಬೇಕು. 30 ಪದಗಳಿದ್ದರೂ ಚೆನ್ನಾಗಿ ಗ್ರಹಿಸುವ, ಸನ್ನೆ ಮಾಡುವ, ಪ್ರತ್ಯಯಗಳನ್ನು ಬದಲಿಸಿ ಆಡುವ ಮಗುವಿಗೆ ಪೋಷಕರ ಮಾರ್ಗದರ್ಶನ ಮತ್ತು ಕೆಲವು ತಿಂಗಳಲ್ಲಿ ಮರುಪರೀಕ್ಷೆ ಸೂಕ್ತ.

ಇವೆರಡರ ನಡುವಿನ ವ್ಯತ್ಯಾಸವನ್ನು ಪದಸಂಖ್ಯೆಯೊಂದೇ ಹೇಳಲಾರದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಚಿಕಿತ್ಸಕರ ಅನುಭವವಿದೆ. ಕನ್ನಡದ ಮಗು ಯಾವ ಪ್ರತ್ಯಯವನ್ನು ಯಾವ ವಯಸ್ಸಿನಲ್ಲಿ ವೈದೃಶ್ಯದೊಂದಿಗೆ ಬಳಸುತ್ತದೆ ಎಂಬ ವಿವರಣೆಯನ್ನು ಒದಗಿಸಬೇಕಾದವರು ಭಾಷಾವಿಜ್ಞಾನಿಗಳು.