ದ್ವಂದ್ವವೇ ಚರಿತ್ರೆಯಾದೀತೆ?

ಮಿದುಳಿನ ಬುಡದಲ್ಲಿರುವ ಹೈಪೋಥಲಮಸ್ ಎಂಬ ಭಾಗವು ಅತ್ಯಲ್ಪ ಪ್ರಮಾಣದ ಪೆಪ್ಟೈಡುಗಳನ್ನು ಸ್ರವಿಸಿ ಪಿಟ್ಯುಟರಿ ಗ್ರಂಥಿಯನ್ನು ಆಳುತ್ತದೆಂಬುದು ಇಂದು ಶರೀರಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಈ ಅರಿವು ಬಂದ ಬಗೆಯನ್ನು ನಿಕೊಲಸ್ ವೇಡ್ ಅವರ ‘ದಿ ನೊಬೆಲ್ ಡ್ಯೂಯಲ್’ (1981) ಸೊಗಸಾಗಿ ನಿರೂಪಿಸುತ್ತದೆ. ರೋಜರ್ ಗಿಲೆಮಿನ್ ಮತ್ತು ಆಂಡ್ರ್ಯೂ ಶ್ಯಾಲಿ ಇವರ ಸ್ಪರ್ಧೆಯೇ ಅದರ ಸೂತ್ರ. 1957ರಿಂದ 1962ರವರೆಗೆ ಹ್ಯೂಸ್ಟನ್ನಿನಲ್ಲಿ ಒಟ್ಟಿಗೆ ದುಡಿದ ಇವರು ಬಳಿಕ ಪ್ರತಿಸ್ಪರ್ಧಿಗಳಾದರು. ಒಬ್ಬರು ಕುರಿಗಳ, ಇನ್ನೊಬ್ಬರು ಹಂದಿಗಳ ಮಿದುಳಿನ ತುಣುಕುಗಳನ್ನು ಕಸಾಯಿಖಾನೆಗಳಿಂದ ರಾಶಿರಾಶಿಯಾಗಿ ತರಿಸಿದರು. ಮೂರು ಲಕ್ಷ ಕುರಿಗಳಿಂದ ಗಿಲೆಮಿನ್ನರ ತಂಡಕ್ಕೆ ದೊರೆತ ಶುದ್ಧ ವಸ್ತು 1 ಮಿಲಿಗ್ರಾಂ! ಮೂರೇ ಅಮೈನೋ ಆಮ್ಲಗಳ ಅದರ ರಚನೆಯನ್ನು 1969ರಲ್ಲಿ ಎರಡು ತಂಡಗಳೂ ಪ್ರಕಟಿಸಿದವು. 1977ರ ನೊಬೆಲ್ ಪಾರಿತೋಷಕದ ಅರ್ಧ ಇವರಿಬ್ಬರಿಗೆ, ಉಳಿದರ್ಧ ರೊಸಾಲಿನ್ ಯಾಲೊ ಅವರಿಗೆ ಸಂದಿತು.

ವಿಜ್ಞಾನಿಗಳು ರಾಗದ್ವೇಷರಹಿತರಾದ ಋಷಿಗಳಲ್ಲವೆಂದು ತೋರಿಸಿಕೊಟ್ಟ ಗ್ರಂಥಕರ್ತರನ್ನು ನಾವು ಮೆಚ್ಚುತ್ತೇವೆ. ಆದರೆ ದ್ವಂದ್ವಯುದ್ಧವನ್ನು ಚರಿತ್ರೆಯ ಚೌಕಟ್ಟೆಂದು ಒಪ್ಪಲಾರೆವು. ರಾಜಮನೆತನಗಳ ಚರಿತ್ರೆಯನ್ನು ಕಾಳಗಗಳ ಪಟ್ಟಿಯಾಗಿ ಬರೆದವರ ದೋಷವೇ ಇಲ್ಲಿಯೂ ಇದೆ. ಕಣವನ್ನು ಹದಮಾಡಿದವರು ಯಾರು? ನರಗಳ ಕೆಲಸವೆಂದರೆ ವಿದ್ಯುತ್ ಸಂದೇಶವನ್ನು ಒಯ್ಯುವುದಷ್ಟೇ ಎಂದು ಬಹುಮಂದಿ ನಂಬಿದ್ದ 1928ರಲ್ಲಿ, ಅರ್ನ್‌ಸ್ಟ್ ಶಾರೆರ್ ಒಂದು ಸಣ್ಣ ಮೀನಿನ ಮಿದುಳಿನಲ್ಲಿ ಗ್ರಂಥಿಯಂತೆ ಸ್ರವಿಸುವ ನರಕೋಶಗಳನ್ನು ಗುರುತಿಸಿದರು. ಅವರ ಪತ್ನಿ ಬರ್ಟಾ ಶಾರೆರ್ ಬೆನ್ನೆಲುಬಿಲ್ಲದ ಜೀವಿಗಳಲ್ಲಿ, ವಿಶೇಷವಾಗಿ ಜಿರಲೆಗಳಲ್ಲಿ, ಅಂಥವೇ ಕೋಶಗಳನ್ನು ತೋರಿಸಿದರು. ವರ್ಷಗಟ್ಟಲೆ ವೇತನವಿಲ್ಲದೆ ದುಡಿದ ಈಕೆ ಪ್ರಾಧ್ಯಾಪಕಿಯಾದದ್ದು 1955ರಲ್ಲಿ. ಹೈಪೋಥಲಮಸ್ಸಿನ ಆಜ್ಞೆ ಸೂಕ್ಷ್ಮ ರಕ್ತನಾಳಗಳ ಮೂಲಕ ಪಿಟ್ಯುಟರಿಗೆ ಇಳಿಯುತ್ತದೆಂದು ಪ್ರಯೋಗಗಳಿಂದ ಸಮರ್ಥಿಸಿದ ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ 1971ರಲ್ಲಿಯೇ ತೀರಿಕೊಂಡಿದ್ದರು. ಇವರಿಲ್ಲದಿದ್ದರೆ ಕುರಿಗಳ ಮಿದುಳಿನಲ್ಲಿ ಏನನ್ನು ಹುಡುಕಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಇನ್ನೊಂದು ಆಕ್ಷೇಪವುಂಟು. ಸ್ಪರ್ಧೆಯ ಗುರಿಯೇ ವಸ್ತುವಿನ ಹೆಸರಾಗಿ ನಿಂತಿತು. ಥೈರಾಯ್ಡನ್ನು ಪ್ರಚೋದಿಸುವ ಸ್ರಾವವನ್ನು ಪಿಟ್ಯುಟರಿಯಿಂದ ಬಿಡಿಸುವುದೆಂದು ಆ ಪೆಪ್ಟೈಡನ್ನು ಕರೆದರು. ಅದು ಕಪ್ಪೆಯ ಚರ್ಮದಲ್ಲಿ ಹೇರಳವಾಗಿದೆಯೆಂಬುದು 1977ರಲ್ಲಿಯೇ ಪ್ರಕಟವಾಯಿತು. ಗೊದಮೊಟ್ಟೆ ಕಪ್ಪೆಯಾಗಿ ಮಾರ್ಪಡುವಾಗಲಂತೂ ಥೈರಾಯ್ಡನ್ನು ಎಚ್ಚರಿಸುವ ಕೆಲಸ ಮುಖ್ಯವಾಗಿ ಬೇರೊಂದು ಪೆಪ್ಟೈಡಿನದು. ಈ ಕೊನೆಯ ಸಂಗತಿ ಸ್ಪಷ್ಟವಾದದ್ದು ಗ್ರಂಥ ಹೊರಬಂದ ಮೇಲೆ. ಅದಕ್ಕಾಗಿ ವೇಡ್ ಅವರನ್ನು ದೂರುವುದು ನ್ಯಾಯವಲ್ಲ. ಆದರೂ ಗೆದ್ದವರು ಯಾರೆಂಬ ಪ್ರಶ್ನೆಯಿಂದ ಹೊರಟ ಕಥನ ಕುರಿ ಹಂದಿಗಳನ್ನು ದಾಟಿ, ಆ ವಸ್ತು ಇತರ ಪ್ರಾಣಿಗಳಲ್ಲಿ ಏನು ಮಾಡುತ್ತದೆಂದು ಕೇಳುವುದು ಕಷ್ಟ. ಜಿರಲೆಯಿಂದ ಹೊರಟಿದ್ದರೆ ಆ ಪ್ರಶ್ನೆ ತಾನಾಗಿಯೇ ಬರುತ್ತಿತ್ತು.

1969ರ ಕಾಳಗವನ್ನರಿಯಲು ವಿದ್ಯಾರ್ಥಿಗಳು ಈ ಗ್ರಂಥವನ್ನು ಅವಶ್ಯವಾಗಿ ಓದಲಿ. ಅದರ ಹಿಂದಿನ ನಾಲ್ವತ್ತು ವರ್ಷಗಳಿಗೆ ಶಾರೆರ್ ದಂಪತಿಗಳ ಮತ್ತು ಹ್ಯಾರಿಸ್ ಅವರ ಮೂಲ ಬರಹಗಳಿಗೇ ಹೋಗಬೇಕು.